ಗುಲಗಂಜಿ ಹುಳು

ಗುಲಗಂಜಿ ಹುಳು ಕಾಕ್ಸಿನೆಲ್ಲಿಡೇ ಕುಟುಂಬಕ್ಕೆ ಸೇರಿದ ಪುಟ್ಟ ದುಂಬಿ. ಜಗತ್ತಿನಲ್ಲಿ ಇದರ ಸುಮಾರು 6,000 ಪ್ರಭೇದಗಳಿವೆ. ಹೆಚ್ಚಿನವು ಸಸ್ಯಹೇನು, ಹಿಟ್ಟು ತಿಗಣೆ, ಶಲ್ಕಕೀಟಗಳನ್ನು ತಿಂದು ಬದುಕುವುದರಿಂದ ರೈತರಿಗೆ ಉಪಕಾರಿ. ನಮ್ಮ ಅಲಸಂದೆ, ಶೇಂಗಾ ಹೊಲಗಳಲ್ಲಿ ಸಾಮಾನ್ಯವಾಗಿ ಕಾಣುವ ಚೀಲೊಮೆನೆಸ್ ಸೆಕ್ಸ್‌ಮ್ಯಾಕ್ಯುಲೇಟ ಪ್ರಭೇದದ ಬೆನ್ನ ಮೇಲೆ ಅಂಕುಡೊಂಕಾದ ಕಪ್ಪು ಗೆರೆಗಳಿರುತ್ತವೆ.

ದೇಹರಚನೆ

ದೇಹದಲ್ಲಿ ತಲೆ, ಎದೆ, ಹೊಟ್ಟೆ ಎಂಬ ಮೂರು ಭಾಗಗಳಿವೆ. ಪುಟ್ಟ ತಲೆಯಲ್ಲಿ ಎರಡು ಸಂಯುಕ್ತ ಕಣ್ಣುಗಳು, ತುದಿ ದಪ್ಪಗಿರುವ ಗಿಡ್ಡ ಮೀಸೆಗಳು ಮತ್ತು ಬೇಟೆಯನ್ನು ಕಚ್ಚಿ ಅಗಿಯುವ ದವಡೆಗಳಿವೆ. ಎದೆಯ ಮುಂಭಾಗದ ಗಟ್ಟಿ ಫಲಕ ತಲೆಯನ್ನು ಭಾಗಶಃ ಮುಚ್ಚುತ್ತದೆ. ಮೂರು ಜೊತೆ ಕಾಲುಗಳೂ ಎರಡು ಜೊತೆ ರೆಕ್ಕೆಗಳೂ ಎದೆಗೇ ಸೇರಿವೆ. ಬಣ್ಣದ ಹೊರರೆಕ್ಕೆಗಳು ಕವಚದ ಕೆಲಸ ಮಾಡುತ್ತವೆ. ಹಾರುವುದು ಅವುಗಳಡಿ ಮಡಿಚಿಟ್ಟ ತೆಳು ಹಿಂರೆಕ್ಕೆಗಳಿಂದ. ಚುಕ್ಕೆಗಳ ಸಂಖ್ಯೆ ಆಯಾ ಪ್ರಭೇದದ ಲಕ್ಷಣವೇ ಹೊರತು ವಯಸ್ಸಿನ ಗುರುತಲ್ಲ. ಹಿಡಿದರೆ ಹುಳು ಕಾಲ್ಗಂಟುಗಳಿಂದ ಕಹಿಯಾದ ಹಳದಿ ದ್ರವ ಒಸರಿಸುತ್ತದೆ. ಕಡು ಬಣ್ಣ ಈ ಕಹಿಯ ಮುನ್ನೆಚ್ಚರಿಕೆ.

ಜೀವನಚಕ್ರ

ಮೊಟ್ಟೆ, ಮರಿಹುಳು, ಕೋಶ, ಪ್ರೌಢ ಎಂಬ ನಾಲ್ಕು ಹಂತಗಳಿವೆ. ಹೆಣ್ಣು ಸಸ್ಯಹೇನುಗಳ ಗುಂಪಿನ ಹತ್ತಿರವೇ, ಹೆಚ್ಚಾಗಿ ಎಲೆಯ ಕೆಳಬದಿಯಲ್ಲಿ, ಹಳದಿ ಮೊಟ್ಟೆಗಳನ್ನು ನೆಟ್ಟಗೆ ನಿಲ್ಲಿಸಿ ಅಂಟಿಸುತ್ತದೆ. ಬೆಚ್ಚನೆಯ ಹವೆಯಲ್ಲಿ ಮೂರು–ನಾಲ್ಕು ದಿನಗಳಲ್ಲಿ ಮರಿ ಹೊರಬರುತ್ತದೆ. ಮೊದಲು ಹುಟ್ಟಿದ ಮರಿಗಳು ಪಕ್ಕದ ಒಡೆಯದ ಮೊಟ್ಟೆಗಳನ್ನು ತಿನ್ನುವುದೂ ಉಂಟು. ಮರಿಹುಳುವಿಗೂ ತಾಯಿಗೂ ಹೋಲಿಕೆಯೇ ಇಲ್ಲ: ನೀಳ ಕಪ್ಪು ಮೈ, ಅದರ ಮೇಲೆ ಸಣ್ಣ ಗಂಟುಗಳು, ಹಳದಿ ಮಚ್ಚೆಗಳು, ಚುರುಕು ಕಾಲುಗಳು. ಹಸಿವೂ ಹೆಚ್ಚು, ನಾಲ್ಕು ಹಂತಗಳಲ್ಲಿ ಬೆಳೆಯುವಷ್ಟರಲ್ಲಿ ನೂರಾರು ಸಸ್ಯಹೇನುಗಳನ್ನು ತಿಂದು ಮುಗಿಸುತ್ತದೆ. ಆಮೇಲೆ ಹಿಂತುದಿಯನ್ನು ಎಲೆಗೆ ಅಂಟಿಸಿಕೊಂಡು ಕೋಶವಾಗುತ್ತದೆ. ಕೆಲವು ದಿನಗಳಲ್ಲಿ ಕೋಶ ಸೀಳಿ ಬರುವ ದುಂಬಿ ಮೆತ್ತಗೆ, ಮಾಸಲು ಹಳದಿಯಾಗಿರುತ್ತದೆ. ಕೆಲವು ಗಂಟೆಗಳಲ್ಲಿ ಕವಚ ಗಟ್ಟಿಯಾಗಿ ಬಣ್ಣವೂ ಚುಕ್ಕೆಯೂ ಮೂಡುತ್ತವೆ. ನಮ್ಮ ಹವೆಯಲ್ಲಿ ಈ ಚಕ್ರ ಸುಮಾರು ಎರಡು–ಮೂರು ವಾರಗಳಲ್ಲಿ ಮುಗಿಯುತ್ತದೆ.

ಕೃಷಿಯಲ್ಲಿ ಮಹತ್ವ

ಆಸ್ಟ್ರೇಲಿಯಾ ಮೂಲದ ಕ್ರಿಪ್ಟೊಲೀಮಸ್ ಮಾಂಟ್ರೂಜಿಯರಿ ದುಂಬಿಯನ್ನು ಕಾಫಿ ಕೀಟಗಳ ಹತೋಟಿಗಾಗಿ 1898ರಲ್ಲಿ ಭಾರತಕ್ಕೆ ತರಲಾಯಿತು. ಇಂದು ಅದನ್ನು ಪ್ರಯೋಗಾಲಯಗಳಲ್ಲಿ ಸಾಕಿ ಕಾಫಿ, ದ್ರಾಕ್ಷಿ ತೋಟಗಳ ಹಿಟ್ಟು ತಿಗಣೆಯ ಮೇಲೆ ಬಿಡುತ್ತಾರೆ. ಇದರ ಮರಿಹುಳುವಿನ ಮೈಮೇಲೆ ಬಿಳಿ ಮೇಣದ ಎಳೆಗಳಿರುವುದರಿಂದ ಹಿಟ್ಟು ತಿಗಣೆಯೆಂದೇ ತಪ್ಪು ತಿಳಿಯುವ ಸಂಭವವಿದೆ. ಕುಟುಂಬದಲ್ಲಿ ಬೆಳೆಗೆ ಕೇಡು ಮಾಡುವವೂ ಇವೆ. 28 ಚುಕ್ಕೆಗಳ ಎಪಿಲಾಕ್ನಾ ದುಂಬಿ ಬದನೆ, ಆಲೂಗಡ್ಡೆ ಎಲೆಗಳ ಹಸಿರನ್ನು ಕೆರೆದು ನರಗಳನ್ನಷ್ಟೇ ಉಳಿಸುತ್ತದೆ; ಹೊಳಪಿಲ್ಲದ, ನವಿರು ರೋಮದ ಬೆನ್ನಿನಿಂದ ಅದನ್ನು ಗುರುತಿಸಬಹುದು. ಆದ್ದರಿಂದ ಔಷಧಿ ಸಿಂಪಡಿಸುವ ಮೊದಲು ಎಲೆ ಮಗುಚಿ ನೋಡಿ, ಉಪಕಾರಿ ಹುಳುವಿನ ಮೊಟ್ಟೆ, ಮರಿ, ಕೋಶಗಳನ್ನೂ ಗುರುತಿಸಿ ಉಳಿಸಿಕೊಳ್ಳುವುದು ಅಗತ್ಯ.