ಫ್ಯುಯೆಲ್ ಫಿಲ್ಟರ್ ನಮ್ಮ ಕೈಯಿಂದ ದೂರ ಹೋದ ಕಥೆ

ಇವತ್ತಿನ ಸಂಚಿಕೆ ಒಂದು ಸಣ್ಣ ಪ್ರಶ್ನೆಯಿಂದ ಶುರು. ಕಾರಿನ ಫ್ಯುಯೆಲ್ ಫಿಲ್ಟರನ್ನ ಮನೆಯಲ್ಲೇ ಬದಲಿಸಬಹುದಾ? ಯೂಟ್ಯೂಬ್‌ನಲ್ಲಿ ಹುಡುಕಿದ್ರೆ ಒಬ್ಬರು ಹತ್ತು ನಿಮಿಷದ ಕೆಲಸ ಅಂತಾರೆ, ಇನ್ನೊಬ್ಬರು ಕೈ ಹಚ್ಚಲೇಬೇಡಿ ಅಂತಾರೆ. ಇಬ್ಬರು ಹೇಳೋದೂ ಖರೇನ. ಯಾಕಂದ್ರೆ ಉತ್ತರ ನಿಮ್ಮ ಗಾಡಿ ಯಾವ ಕಾಲದ್ದು ಅನ್ನೋದರ ಮೇಲೆ ನಿಂತಿದೆ. ನಾನು ಬಿ.ಕಾಂ. ಓದಿದವ, ಪಾನಾ ಹಿಡಿಯೋದಕ್ಕಿಂತ ಹಳೇ ಲೆಕ್ಕ ತೆಗೆಯೋದು ನನಗೆ ಹೆಚ್ಚು ರೂಢಿ. ಹಂಗಾಗಿ ಈ ಲೆಕ್ಕಾನೂ ಮೊದಲಿಂದ ತೆಗೆಯೋಣ.

ಮೊದಲು, ಇದು ನಮಗ್ಯಾಕೆ ಬೇಕು? ಫಿಲ್ಟರ್‌ನಲ್ಲಿ ಕಚರಾ ತುಂಬಿದ್ರೆ ಗಾಡಿ ಮನೆ ಮುಂದೆ ಚೆನ್ನಾಗಿಯೇ ಸ್ಟಾರ್ಟ್ ಆಗುತ್ತೆ. ಬೆಳಗಾವಿ ಊರೊಳಗೆ ನಿಧಾನ ಓಡಿಸಿದ್ರೂ ಗೊತ್ತಾಗಲ್ಲ. ಎಂಜಿನ್ ಹೆಚ್ಚು ಇಂಧನ ಕೇಳಿದಾಗ ಮಾತ್ರ ಗುಟ್ಟು ಹೊರಗೆ ಬೀಳುತ್ತೆ. ಅಂದ್ರೆ ಎಲ್ಲಿ? ಖಾನಾಪುರ ತಾಲ್ಲೂಕಿನ ಕಾಡಿನೊಳಗೆ, ಜಾಂಬೋಟಿ ದಾಟಿ ಮಲಪ್ರಭೆ ಹುಟ್ಟೋ ಕಣಕುಂಬಿ ಕಡೆ ಹೋಗುವಾಗ, ಜುಲೈ ಮಳೆಯಲ್ಲಿ ಏರು ಹತ್ತುವಾಗ. ಗ್ಯಾರೇಜ್ ಇಲ್ಲದ ಕಡೆಯೇ ಕೈ ಕೊಡೋ ವಸ್ತು ಇದು.

ಈ ತೊಂದರೆ ಕಾರಿನಷ್ಟೇ ಹಳೇದು. 1888ರ ಆಗಸ್ಟ್‌ನಲ್ಲಿ ಜರ್ಮನಿಯ ಬೆರ್ಥಾ ಬೆಂಜ್ ಗಂಡನಿಗೆ ಹೇಳದೆ, ಇಬ್ಬರು ಮಕ್ಕಳನ್ನ ಕೂರಿಸಿಕೊಂಡು, ಗಂಡ ಕಾರ್ಲ್ ಮಾಡಿದ ಮೋಟಾರು ಗಾಡಿಯನ್ನ ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಓಡಿಸಿದರು. ಸುಮಾರು 100 ಕಿಲೋಮೀಟರ್. ಪೆಟ್ರೋಲ್ ಪಂಪ್ ಅನ್ನೋದೇ ಇರಲಿಲ್ಲ. ವೀಸ್‌ಲೋಕ್ ಅನ್ನೋ ಊರಿನ ಔಷಧಿ ಅಂಗಡಿಯಲ್ಲಿ ಇಂಧನ ಕೊಂಡರು. ದಾರಿಯಲ್ಲಿ ಇಂಧನದ ನಳಿಗೆ ಕಟ್ಟಿಕೊಂಡಿತು. ಬೆರ್ಥಾ ತಮ್ಮ ಟೋಪಿಯ ಪಿನ್ ತೆಗೆದು ಅದನ್ನ ಬಿಡಿಸಿದರು. ಜಗತ್ತಿನ ಮೊದಲ ದೂರದ ಕಾರು ಪ್ರಯಾಣದಲ್ಲೇ ಇಂಧನದ ಕಚರಾ ಹಾಜರಿತ್ತು, ಅದನ್ನ ತೆಗೆದವರೂ ಗಾಡಿ ಓಡಿಸಿದವರೇ.

ನಮ್ಮ ಕಡೆಗೆ ಬರೋಣ. 1940ರ ದಶಕದ ಕೊನೆಯಲ್ಲಿ ಮಹೀಂದ್ರದವರು ವಿಲ್ಲಿಸ್ ಜೀಪುಗಳನ್ನ ಭಾರತದಲ್ಲಿ ಜೋಡಿಸೋಕೆ ಶುರುಮಾಡಿದರು. ಅಂಥ ಹಳೇ ಜೀಪಿನ ಪೆಟ್ರೋಲ್ ಪಂಪಿಗೆ ಒಂದು ಗಾಜಿನ ಬಟ್ಟಲು ಇರ್ತಿತ್ತು. ಪೆಟ್ರೋಲ್ ಅದರೊಳಗೆ ಬಂದು ವೇಗ ಕಳ್ಕೊಳ್ಳುತ್ತೆ. ನೀರು, ಮಣ್ಣು, ತುಕ್ಕು ಪೆಟ್ರೋಲಿಗಿಂತ ಭಾರ, ತಳಕ್ಕೆ ಕೂರುತ್ತವೆ. ಡ್ರೈವರ್ ಬಾನೆಟ್ ಎತ್ತಿ ಕಣ್ಣಲ್ಲೇ ನೋಡ್ತಿದ್ದ. ನೀರು ಕಂಡ್ರೆ ಸ್ಕ್ರೂ ಸಡಿಲಿಸಿ, ಬಟ್ಟಲು ಚೆಲ್ಲಿ, ಒರೆಸಿ, ಮತ್ತೆ ಹಾಕ್ತಿದ್ದ. ಆ ಕಾಲದ ಡ್ರೈವರ್ ಅಂದ್ರೆ ಅರ್ಧ ಮೆಕ್ಯಾನಿಕ್.

1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು. ಕಾರ್ಬೊರೇಟರ್ ಕಾಲದ ಅಂಥ ಕಾರುಗಳಲ್ಲಿ ಪೈಪಿನ ನಡುವೆ ಸಣ್ಣ ಫಿಲ್ಟರ್, ಎರಡು ಬದಿಗೆ ಎರಡು ಕ್ಲಿಪ್. ಆ ಹತ್ತು ನಿಮಿಷದ ಕೆಲಸ ಇದೇ ನೋಡ್ರಿ. ಎಂಜಿನ್ ಪೂರ್ತಿ ತಣ್ಣಗಾಗಲಿ. ಬಯಲಲ್ಲಿ ನಿಲ್ಲಿಸಿ, ಹತ್ತಿರ ಬೆಂಕಿ ಬೇಡ. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ. ಕೆಳಗೆ ಬಟ್ಟೆ ಹಿಡಿದು ಹಳೇದು ತೆಗೆದು, ಹೊಸದರ ಮೇಲಿನ ಬಾಣ ಎಂಜಿನ್ ಕಡೆ ಇರೋ ಹಾಗೆ ಕೂರಿಸಿ. ಸ್ಟಾರ್ಟ್ ಮಾಡಿ ಸೋರಿಕೆ ನೋಡಿ. ಇಷ್ಟೇ.

ಹಾಗಾದ್ರೆ ಈಗಿನ ಕಾರಲ್ಲಿ ಆ ಫಿಲ್ಟರ್ ಎಲ್ಲಿ ಹೋಯ್ತು? ಕಾರಣ ಹೊಗೆ. 1999ರಲ್ಲಿ ದೆಹಲಿಯ ವಾಯುಮಾಲಿನ್ಯದ ವಿಚಾರದಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂದ ಮೇಲೆ ನಿಯಮ ಬಿಗಿಯಾದವು, ಕಾರ್ಬೊರೇಟರ್ ಹಿಂದೆ ಸರೀತು, ಇಂಜೆಕ್ಷನ್ ಬಂತು. ಮುಂದೆ 2020ರ ಏಪ್ರಿಲ್ 1ರಿಂದ ದೇಶದ ತುಂಬ ಬಿಎಸ್ 6. ಇಂಜೆಕ್ಟರ್‌ನ ತೂತು ಕೂದಲೆಳೆಯಷ್ಟು ಸಣ್ಣದು; ಪೆಟ್ರೋಲ್ ಲೈನಿನ ಒತ್ತಡ ಸಾಮಾನ್ಯವಾಗಿ 3 ಬಾರ್‌ಗೂ ಮೇಲೆ, ಅಂದ್ರೆ ಟೈರಿನ ಗಾಳಿಗಿಂತ ಹೆಚ್ಚು. ಪಂಪ್ ಟ್ಯಾಂಕಿನೊಳಗೆ ಹೋಯ್ತು, ಎಷ್ಟೋ ಕಾರುಗಳಲ್ಲಿ ಫಿಲ್ಟರೂ ಅದರ ಜೊತೆ ಒಳಗೆ ಹೋಯ್ತು. ಅದನ್ನ ಬದಲಿಸೋದು ಅಂದ್ರೆ ಪೆಟ್ರೋಲ್ ಟ್ಯಾಂಕಿನ ಬಾಯಿ ತೆರೆಯೋದು. ಬಾಡಿಗೆ ಮನೆಯ ಪಾರ್ಕಿಂಗ್‌ನಲ್ಲಿ ಮಾಡೋ ಕೆಲಸ ಅದಲ್ಲ.

ಡೀಸೆಲ್ ಕಥೆ ಸ್ವಲ್ಪ ಬೇರೆ. ಅಲ್ಲಿ ಫಿಲ್ಟರ್ ಇನ್ನೂ ಹೆಚ್ಚಾಗಿ ಬಾನೆಟ್ ಕೆಳಗೇ ಇದೆ, ಎಷ್ಟೋ ಗಾಡಿಗಳಲ್ಲಿ ತಳದಲ್ಲಿ ನೀರು ಬಿಡೋ ಸ್ಕ್ರೂ ಕೂಡ ಇದೆ. ಜೀಪಿನ ಗಾಜಿನ ಬಟ್ಟಲಿನ ಮೊಮ್ಮಗ ಅನ್ನಿ. ಕಲಿತವರು ಮನೆಯಲ್ಲೇ ಬದಲಿಸ್ತಾರೆ, ಕೈಪಂಪ್ ಒತ್ತಿ ಏರ್ ತೆಗೀತಾರೆ. ಆದ್ರೆ ಫಿಲ್ಟರ್ ಆಚೆಗಿನ ಕಬ್ಬಿಣದ ಪೈಪಿಗೆ ಮಾತ್ರ ಕೈ ಹಚ್ಚಬೇಡಿ. ಕಾಮನ್ ರೈಲ್ ಎಂಜಿನ್‌ನಲ್ಲಿ ಅಲ್ಲಿನ ಒತ್ತಡ ಸಾವಿರ ಬಾರ್ ದಾಟುತ್ತೆ. ಚಿಮ್ಮಿದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತೆ.

ಈಗ ನಮ್ಮ ಜಿಲ್ಲೆಯ ಅಧ್ಯಾಯ. ಬೆಳಗಾವಿ ಅಂದ್ರೆ ಕಬ್ಬು. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇರೋದು ಇಲ್ಲೇ. ಆ ಕಬ್ಬಿನಿಂದ ಬರೋ ಎಥೆನಾಲ್ ಈಗ ನಿಮ್ಮ ಟ್ಯಾಂಕಿನಲ್ಲಿದೆ. 2001ರಲ್ಲಿ ಎಥೆನಾಲ್ ಬೆರೆಸೋ ಪ್ರಯೋಗ ನಡೆದ ಜಾಗಗಳಲ್ಲಿ ಒಂದು ಮಿರಜ್, ಖಾನಾಪುರ, ಬೆಳಗಾವಿ ದಾಟಿ ಹೋಗೋ ರೈಲು ಹಳಿಯ ಆ ತುದಿ. 2003ರ ಜನವರಿಯಲ್ಲಿ 5% ಮಿಶ್ರಣ ಶುರುವಾದ 9 ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. 2022ರಲ್ಲಿ 10%. 2023ರ ಫೆಬ್ರುವರಿ 6ರಂದು 20% ಮಿಶ್ರಣದ ಪೆಟ್ರೋಲ್‌ಗೆ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲೇ.

ಕಬ್ಬು ಬೆಳೆಯೋ ಮನೆಗೆ ಇದರಿಂದ ಲಾಭ ಇದೆ. ಅದೇ ಮನೆಯ ಅಂಗಳದಲ್ಲಿ ನಿಂತ ಹಳೇ ಕಾರಿಗೆ ಖರ್ಚೂ ಇದೆ. ಎಥೆನಾಲ್ ನೀರನ್ನ ಎಳ್ಕೊಳ್ಳುತ್ತೆ. ಹಿಂದೆ ಗಾಜಿನ ಬಟ್ಟಲಲ್ಲಿ ಕಾಣ್ತಿದ್ದ ನೀರು ಈಗ ಪೆಟ್ರೋಲ್ ಜೊತೆ ಬೆರೆತು ಅಡಗಿ ಕೂರುತ್ತೆ. ಹೆಚ್ಚಾದ್ರೆ ಎಥೆನಾಲನ್ನೂ ಎಳ್ಕೊಂಡು ತಳಕ್ಕಿಳಿಯುತ್ತೆ, ಪಂಪ್ ಮೊದಲು ಅದನ್ನೇ ಹೀರುತ್ತೆ. ಹಳೇ ಟ್ಯಾಂಕಿನ ಗೋಡೆಗೆ ಅಂಟಿದ ಕಚರಾವನ್ನ ಎಥೆನಾಲ್ ಸಡಿಲ ಮಾಡಿ ಫಿಲ್ಟರ್‌ಗೆ ತಂದು ಹಾಕುತ್ತೆ. ಅದಕ್ಕೆ ಒಗ್ಗದ ಹಳೇ ರಬ್ಬರ್ ಪೈಪು ಹಾಳಾಗುತ್ತೆ. ಹಳೇ ಕಾರ್ಬೊರೇಟರ್ ಗಾಡಿ ಇದ್ದವರು ಫಿಲ್ಟರ್ ಜೊತೆ ಪೈಪನ್ನೂ ಬದಲಿಸಿ. ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕ್ ಇಟ್ಟು ತಿಂಗಳುಗಟ್ಟಲೆ ನಿಲ್ಲಿಸಬೇಡಿ.

ಹಂಗಾದ್ರೆ ಉತ್ತರ? ಕಾರ್ಬೊರೇಟರ್ ಗಾಡಿ: ಹೌದು, ಮನೆಯಲ್ಲೇ. ಡೀಸೆಲ್: ಒಮ್ಮೆ ಬಲ್ಲವರ ಜೊತೆ ನಿಂತು ಕಲಿತು, ಆಮೇಲೆ. ಟ್ಯಾಂಕಿನೊಳಗೆ ಫಿಲ್ಟರ್ ಇರೋ ಪೆಟ್ರೋಲ್ ಗಾಡಿ: ಬೇಡ. ಆದ್ರೆ ಎಲ್ಲಿದೆ, ಎಷ್ಟು ಕಿಲೋಮೀಟರಿಗೆ ಬದಲಿಸಬೇಕು ಅಂತ ಮ್ಯಾನುಯಲ್‌ನಲ್ಲಿ ಓದಿ ಇಟ್ಕೊಳ್ಳಿ. ಕೈ ಹಾಕೋಕಾಗದ ಕೆಲಸದ ಬಿಲ್ ಬಂದಾಗ, ಯಾವುದಕ್ಕೆ ಎಷ್ಟು ಅಂತ ಕೇಳೋಕಾದ್ರೂ ಆ ತಿಳುವಳಿಕೆ ಬೇಕಲ್ಲ.

ನಿಮ್ಮ ಮನೆಯಲ್ಲಿ ಜೀಪು, ಟ್ರಕ್ಕು, ಟ್ರ್ಯಾಕ್ಟರ್ ಓಡಿಸಿದ ಅಜ್ಜನೋ ಕಾಕಾನೋ ಇದ್ರೆ, ಪೆಟ್ರೋಲಿನ ಕಚರಾ ಹೆಂಗ ತೆಗೀತಿದ್ರಿ ಅಂತ ಕೇಳಿ. ಹೇಳಿದ್ದನ್ನ ಫೋನಿನಲ್ಲೇ ರೆಕಾರ್ಡ್ ಮಾಡಿ ಇಟ್ಕೊಳ್ಳಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ಬರ್ತೀನ್ರಿ.