ರಕ್ತಸಾರದಲ್ಲಿ ಅಡಗಿದ ವೈರಸ್: ಶುದ್ಧೀಕರಣದ ಪ್ರಯತ್ನಗಳ ಚರಿತ್ರೆ

ಶರೀರದಿಂದ ಬೇರ್ಪಡಿಸಿದ ಜೀವಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸತಕ್ಕ ವಿದ್ಯೆಯು, 1907ರಲ್ಲಿ ಅಮೆರಿಕದ ರಾಸ್ ಹ್ಯಾರಿಸನ್ ಅವರು ಕಪ್ಪೆಯ ಭ್ರೂಣದ ನರತಂತುವನ್ನು ಹೆಪ್ಪುಗಟ್ಟಿದ ದುಗ್ಧರಸದ ಹನಿಯಲ್ಲಿ ಬೆಳೆಸಿ ತೋರಿಸಿದಂದಿನಿಂದ ಪ್ರಾರಂಭವಾಯಿತೆಂದು ಹೇಳುವುದು ವಾಡಿಕೆ. ಲವಣ, ಸಕ್ಕರೆ, ಅಮೈನೋ ಆಮ್ಲ, ವಿಟಮಿನ್‌ಗಳನ್ನು ತೂಗಿ ಬೆರೆಸಿದ ದ್ರಾವಣವೊಂದರಿಂದಲೇ ಬಹುತೇಕ ಜೀವಕೋಶಗಳು ಬಾಳಲಾರವೆಂಬುದು ಬೇಗನೆ ತಿಳಿದುಬಂದಿತು. 1950ರ ದಶಕದಲ್ಲಿ ಹ್ಯಾರಿ ಈಗಲ್ ಅವರು ಈ ಪೋಷಕಗಳನ್ನು ಒಂದೊಂದಾಗಿ ಗುರುತಿಸಿದ ಮೇಲೆಯೂ ಅವರ ಮಾಧ್ಯಮಕ್ಕೆ ಸ್ವಲ್ಪ ಸೀರಂ, ಅಂದರೆ ರಕ್ತಸಾರ, ಸೇರಲೇಬೇಕಾಗಿತ್ತು. ಕುದುರೆಯದಾಗಲಿ, ಕರುವಿನದಾಗಲಿ, ಮನುಷ್ಯನದಾಗಲಿ, ಒಂದು ಪ್ರಾಣಿಯ ರಕ್ತಸಾರವನ್ನು ಬೆರೆಸಿದಾಗ ಆ ಪ್ರಾಣಿಯ ರೋಗವೂ ಪಾತ್ರೆಯೊಳಗೆ ಬರಬಹುದು. ಈ ಸಂಗತಿ ಎಷ್ಟು ದುಬಾರಿಯಾದ ಪಾಠದಿಂದ ಮನದಟ್ಟಾಯಿತೆಂಬುದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕಾಗಿದೆ.

ಪೀತಜ್ವರದ ವೈರಸ್ಸನ್ನು ಭ್ರೂಣದ ಅಂಗಾಂಶದಲ್ಲಿ ನೂರಕ್ಕೂ ಹೆಚ್ಚು ಸಲ ಮರುಬಿತ್ತನೆ ಮಾಡಿ ಅದರ ಉಗ್ರತೆಯನ್ನು ಕುಂದಿಸಿದವರು ನ್ಯೂಯಾರ್ಕಿನ ರಾಕ್‌ಫೆಲರ್ ಪ್ರತಿಷ್ಠಾನದ ಮ್ಯಾಕ್ಸ್ ಥೀಲರ್ ಮತ್ತು ಅವರ ಸಹೋದ್ಯೋಗಿಗಳು. ಹೀಗೆ ದೊರೆತ '17ಡಿ' ಎಂಬ ತಳಿ 1937ರಲ್ಲಿ ಪ್ರಕಟವಾಯಿತು. ಥೀಲರ್ ಅವರಿಗೆ 1951ರಲ್ಲಿ ನೊಬೆಲ್ ಪಾರಿತೋಷಕವೂ ಸಂದಿತು. ಈ ಸೂಕ್ಷ್ಮವಾದ ವೈರಸ್ ಕೆಡದಂತೆ ಕಾಪಾಡಲು ಲಸಿಕೆಗೆ ಮನುಷ್ಯರ ಸೀರಂ ಬೆರೆಸುತ್ತಿದ್ದರು. ಪೀತಜ್ವರದ ಲಸಿಕೆ ಪಡೆದವರಲ್ಲಿ ಕೆಲವರಿಗೆ ತಿಂಗಳುಗಳ ಬಳಿಕ ಕಾಮಾಲೆ ತೋರುತ್ತಿದೆಯೆಂದು 1937ರಲ್ಲಿಯೇ ಬ್ರಿಟನ್ನಿನ ಫಿಂಡ್ಲೆ ಮತ್ತು ಮ್ಯಾಕ್ಯಾಲಮ್ ಎಂಬ ವೈದ್ಯರು ವರದಿ ಮಾಡಿದ್ದರು. ಬ್ರೆಜಿಲಿನಲ್ಲಿಯೂ ಅಂಥದೇ ಅನುಭವವಾಗಿ, ಅಲ್ಲಿನವರು ಮನುಷ್ಯರ ಸೀರಮ್ಮನ್ನು 1940ರಲ್ಲಿ ಕೈಬಿಟ್ಟರು. ಎಚ್ಚರಿಕೆಯ ಗಂಟೆ ಎರಡು ಸಲ ಬಾರಿಸಿತ್ತು.

ಆದರೂ ಎರಡನೆಯ ಮಹಾಯುದ್ಧದ ಆತುರದಲ್ಲಿ ಅಮೆರಿಕದ ಸೇನೆಗೆ ಸರಬರಾಜಾದ ಲಸಿಕೆಯಲ್ಲಿ ಅನೇಕ ದಾನಿಗಳ ರಕ್ತದಿಂದ ಒಟ್ಟುಗೂಡಿಸಿದ ಸೀರಮ್ಮೇ ಇತ್ತು. ಅದನ್ನು 56 ಡಿಗ್ರಿ ಸೆಂಟಿಗ್ರೇಡಿಗೆ ಕಾಯಿಸಲಾಗಿತ್ತು. ಅದರಲ್ಲಿ ಏನಾದರೂ ಇದ್ದರೆ ಅಷ್ಟರಿಂದ ಸಾಯುವುದೆಂಬ ನಂಬಿಕೆ. 1942ರಲ್ಲಿ ಸುಮಾರು 50,000 ಸೈನಿಕರು ಕಾಮಾಲೆಯಿಂದ ಹಾಸಿಗೆ ಹಿಡಿದರು. ಆ ವರ್ಷದ ಏಪ್ರಿಲ್ ತಿಂಗಳಲ್ಲಿ ಸೀರಂಯುಕ್ತ ಲಸಿಕೆಯನ್ನು ನಿಲ್ಲಿಸಿ, ಸೀರಂ ಇಲ್ಲದೆ ತಯಾರಿಸಿದ ಲಸಿಕೆಯನ್ನು ಬಳಕೆಗೆ ತಂದರು. ರೋಗಕಾರಕವು ಯಾವುದೆಂಬುದು ಮಾತ್ರ ಆಗ ಯಾರಿಗೂ ಗೊತ್ತಿರಲಿಲ್ಲ. ಅಂದಿನ ಸೈನಿಕರ ರಕ್ತವನ್ನು ದಶಕಗಳ ಬಳಿಕ ಪರೀಕ್ಷಿಸಿ, ಅದು ಹೆಪಟೈಟಿಸ್ ಬಿ ವೈರಸ್ ಎಂದು ನಿರ್ಧರಿಸಿದ ಅಧ್ಯಯನವು ಪ್ರಕಟವಾದುದು 1987ರಲ್ಲಿ. ರೋಗಲಕ್ಷಣ ತೋರದವರನ್ನೂ ಸೇರಿಸಿದರೆ ಸೋಂಕು ತಗುಲಿದವರು ಸುಮಾರು 3,30,000 ಮಂದಿಯೆಂದು ಅದರ ಅಂದಾಜು.

ಈ 56 ಡಿಗ್ರಿಯ ವಿಚಾರವಾಗಿ ಒಂದು ಮಾತು. ಸೀರಮ್ಮಿನಲ್ಲಿರುವ 'ಕಾಂಪ್ಲಿಮೆಂಟ್' ಎಂಬ ರಕ್ಷಕಾಂಶವನ್ನು ನಿಷ್ಕ್ರಿಯಗೊಳಿಸಲು ರೋಗರಕ್ಷಾ ವಿಜ್ಞಾನಿಗಳು ರೂಢಿಸಿಕೊಂಡಿದ್ದ ಉಷ್ಣತೆ ಅದು. ಯಾವುದೋ ಒಂದು ಕೆಲಸಕ್ಕೆ ಹುಟ್ಟಿದ ಅಂಕಿ ಮತ್ತೊಂದು ಕೆಲಸಕ್ಕೆ ಪ್ರಮಾಣವಾಗಿ ಕುಳಿತುಬಿಡುವುದು ಪ್ರಯೋಗಶಾಲೆಗಳಲ್ಲಿ ಅಪರೂಪವಲ್ಲ. ಇನ್ನೂ ಹೆಚ್ಚು ಕಾಯಿಸಬಾರದಿತ್ತೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಸ್ಥಿರಕಾರಕಗಳನ್ನು ಬೆರೆಸಿದ ಆಲ್ಬುಮಿನ್ನನ್ನು 60 ಡಿಗ್ರಿಯಲ್ಲಿ ಹತ್ತು ಗಂಟೆ ಕಾಯಿಸಿ ನಿರಪಾಯಗೊಳಿಸುವ ಕ್ರಮವು 1940ರ ದಶಕದಲ್ಲಿಯೇ ಸಿದ್ಧಿಸಿತು. ಆದರೆ ಆಲ್ಬುಮಿನ್ ಒಂದೇ ಪ್ರೋಟೀನು. ಸೀರಮ್ಮಾದರೋ ನೂರಾರು ಪ್ರೋಟೀನುಗಳ ಮಿಶ್ರಣ. ಅಂಥ ಕಾವಿಗೆ ಅವುಗಳಲ್ಲಿ ಅನೇಕವು ಕೆಟ್ಟು, ಜೀವಕೋಶಗಳಿಗೆ ಬೇಕಾದ ಗುಣವೇ ನಷ್ಟವಾಗುತ್ತದೆ.

ಯುದ್ಧಾನಂತರ ಪೋಲಿಯೋ ವೈರಸ್ಸನ್ನು ನರೇತರ ಅಂಗಾಂಶದಲ್ಲಿ ಬೆಳೆಸಿದ ಎಂಡರ್ಸ್, ವೆಲ್ಲರ್, ರಾಬಿನ್ಸ್ ಅವರ 1949ರ ಶೋಧದಿಂದ ಜೀವಕೋಶಕೃಷಿಯು ಉದ್ಯಮವಾಗಿ ಬೆಳೆಯಿತು. ಕ್ರಮೇಣ ಹುಟ್ಟದ ಕರುವಿನ ಸೀರಂ ಎಲ್ಲರಿಗೂ ಅಚ್ಚುಮೆಚ್ಚಾಯಿತು. ಕಸಾಯಿಖಾನೆಗೆ ಬಂದ ಗಬ್ಬದ ಹಸುಗಳ ಭ್ರೂಣಗಳಿಂದ ಇದನ್ನು ಪಡೆಯುತ್ತಾರೆ. ಗರ್ಭದೊಳಗಿನ ರಕ್ತ ನಿರ್ಮಲವಾಗಿರಬೇಕೆಂಬುದು ಸಹಜವಾದ ಊಹೆ. ಆ ಊಹೆ ತಪ್ಪಾಯಿತು. 1946ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದ ಓಲಾಫ್ಸನ್ ಮುಂತಾದವರು ವರ್ಣಿಸಿದ್ದ ಜಾನುವಾರುಗಳ ವೈರಲ್ ಅತಿಸಾರದ ವೈರಸ್ ಮಾಸುಚೀಲವನ್ನು ದಾಟಬಲ್ಲದು. ಗರ್ಭದ ಮೊದಲ ನಾಲ್ಕು ತಿಂಗಳೊಳಗೆ ಸೋಂಕಿದ ಕರು ಆ ವೈರಸ್ಸನ್ನು ತನ್ನದೇ ಅಂಶವೆಂದು ಬಗೆದು ಪ್ರತಿಕಾಯಗಳನ್ನು ಉತ್ಪಾದಿಸುವುದಿಲ್ಲ. ಬದುಕಿರುವಷ್ಟು ಕಾಲವೂ ಅದರ ರಕ್ತದಲ್ಲಿ ವೈರಸ್ ತುಂಬಿರುತ್ತದೆ. ಅನೇಕ ಭ್ರೂಣಗಳ ರಕ್ತಸಾರವನ್ನು ಒಂದೇ ತೊಟ್ಟಿಗೆ ಸುರಿಯುವುದರಿಂದ ಇಂಥ ಒಂದೆರಡು ಭ್ರೂಣಗಳಿದ್ದರೂ ಇಡೀ ತಂಡ ಕಲುಷಿತವಾಗುತ್ತದೆ. ಈ ವೈರಸ್ಸಿನ ಒಂದು ಬಗೆಯು ಜೀವಕೋಶಗಳನ್ನು ಕೊಲ್ಲದೆ ಅವುಗಳೊಳಗೆ ಸದ್ದಿಲ್ಲದೆ ಬಾಳುವುದರಿಂದ ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ಏನೂ ಕಾಣುವುದಿಲ್ಲ. 1960 ಮತ್ತು 1970ರ ದಶಕಗಳಲ್ಲಿ ಮಾರಾಟದ ಸೀರಮ್ಮುಗಳನ್ನು ಪರೀಕ್ಷಿಸಿದವರಿಗೆ ಇದೂ ಇತರ ಗೋವಿನ ವೈರಸ್‌ಗಳೂ ಅವುಗಳಲ್ಲಿ ಕಂಡುಬಂದವು. 1999ರಲ್ಲಿ ನೆದರ್ಲೆಂಡ್ಸಿನಲ್ಲಿ ಗೋವುಗಳ ಹರ್ಪಿಸ್ ರೋಗಕ್ಕೆಂದು ಕೊಟ್ಟ ಸಜೀವ ಲಸಿಕೆಯಲ್ಲಿ ಇದೇ ಅತಿಸಾರದ ವೈರಸ್ ಸೇರಿಕೊಂಡು ದನಗಳು ಕಾಯಿಲೆ ಬಿದ್ದುದು, ದೋಷ ಎಷ್ಟು ದೂರ ಸಾಗಬಲ್ಲದೆಂಬುದಕ್ಕೆ ನಿದರ್ಶನ.

ಶೋಧಕದಿಂದ ಪೂರ್ಣ ಪರಿಹಾರ ದೊರೆಯಲಿಲ್ಲ. ಬ್ಯಾಕ್ಟೀರಿಯಗಳನ್ನು ತಡೆಯಲು ಬಳಸುವ 0.1 ಮೈಕ್ರಾನ್ ರಂಧ್ರದ ಪೊರೆ 100 ನ್ಯಾನೋಮೀಟರಿನಷ್ಟು. ಮೇಲ್ಕಂಡ ವೈರಸ್ ಕೇವಲ 40ರಿಂದ 60. ರಂಧ್ರವನ್ನು ಇನ್ನೂ ಕಿರಿದಾಗಿಸಿದರೆ ಪ್ರೋಟೀನುಗಳು ಕಟ್ಟಿಕೊಂಡು ಪೊರೆಯೇ ಮುಚ್ಚಿಹೋಗುತ್ತದೆ. ಆದುದರಿಂದ ಹೆಪ್ಪುಗಟ್ಟಿಸಿದ ಸೀರಮ್ಮಿನ ಮೇಲೆ ಕೋಬಾಲ್ಟ್-60ರ ಗಾಮಾ ಕಿರಣಗಳನ್ನು ಸಾಮಾನ್ಯವಾಗಿ 25ರಿಂದ 40 ಕಿಲೋಗ್ರೇ ಪ್ರಮಾಣದಲ್ಲಿ ಹಾಯಿಸುವ ಕ್ರಮ ಬಳಕೆಗೆ ಬಂದಿತು. ದ್ರವರೂಪದಲ್ಲಿದ್ದರೆ ನೀರಿನಿಂದ ಹುಟ್ಟುವ ಉಗ್ರ ಕಣಗಳು ಪ್ರೋಟೀನುಗಳನ್ನು ಕೆಡಿಸುತ್ತವೆ. ಹಿಮದಲ್ಲಿ ಅವುಗಳ ಚಲನೆ ಕುಂಠಿತ. ಅತಿಸಾರದ ವೈರಸ್ ಈ ಕಿರಣಕ್ಕೆ ಮಣಿಯುತ್ತದೆ. ಆದರೆ ಪಾರ್ವೋವೈರಸ್, ಪಾಲಿಯೋಮಾವೈರಸ್‌ಗಳಂಥ ಪುಟ್ಟ ಜೀನೋಮಿನವು ಕಿರಣಕ್ಕೆ ಒಡ್ಡುವ ಗುರಿಯೇ ಕಿರಿದು; ಅವು ಬಹಳಮಟ್ಟಿಗೆ ಉಳಿದುಬಿಡುತ್ತವೆ.

2009ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಜೆನ್‌ಜೈಮ್ ಸಂಸ್ಥೆಯ ಕಾರ್ಖಾನೆಯಲ್ಲಿ, ವಿರಳವಾದ ಆನುವಂಶಿಕ ರೋಗಗಳಿಗೆ ಔಷಧ ಉತ್ಪಾದಿಸುತ್ತಿದ್ದ ಹ್ಯಾಮ್‌ಸ್ಟರ್ ಜೀವಕೋಶಗಳಿಗೆ ವೆಸಿವೈರಸ್ ಹೊಕ್ಕಿತು. ಉತ್ಪಾದನೆ ನಿಂತು, ಬದಲಿ ಔಷಧವಿಲ್ಲದ ರೋಗಿಗಳು ಕಡಿಮೆ ಪ್ರಮಾಣದಲ್ಲಿ ಔಷಧ ಪಡೆಯಬೇಕಾಯಿತು. ಅಲ್ಲಿಯೂ ಶಂಕೆ ಬಿದ್ದುದು ಗೋವಿನ ಸೀರಮ್ಮಿನ ಮೇಲೆಯೇ. ಈಗ ಔಷಧ ತಯಾರಿಕೆಯ ಅನೇಕ ಕಡೆ ಸೀರಂರಹಿತ ಮಾಧ್ಯಮಗಳು ಬಂದಿವೆ. 1942ರಲ್ಲಿ ಸೇನೆ ಕಂಡುಕೊಂಡ ದಾರಿಯೂ ಅದೇ ಆಗಿತ್ತು. ಆದರೂ ಕೆಲವು ಲಸಿಕೆಗಳಿಗೂ ಸಂಶೋಧನೆಯ ಬಹುಭಾಗಕ್ಕೂ ಕರುವಿನ ಸೀರಂ ಇಂದಿಗೂ ಬೇಕಾಗಿದೆ.