ಗಿಲ್ಬರ್ಟ್ ವೈಟ್ ವಸ್ತುಸಂಗ್ರಹಾಲಯ ಮತ್ತು ಉದ್ಯಾನ, ಸೆಲ್ಬೋರ್ನ್

ಗಿಲ್ಬರ್ಟ್ ವೈಟ್ ವಸ್ತುಸಂಗ್ರಹಾಲಯವು ಇಂಗ್ಲೆಂಡಿನ ದಕ್ಷಿಣ ಭಾಗದಲ್ಲಿರುವ ಹ್ಯಾಂಪ್‌ಶೈರ್ ಕೌಂಟಿಯ ಸೆಲ್ಬೋರ್ನ್ ಎಂಬ ಚಿಕ್ಕ ಗ್ರಾಮದಲ್ಲಿದೆ. 18ನೆಯ ಶತಮಾನದ ಪಾದ್ರಿ ಹಾಗೂ ನಿಸರ್ಗತಜ್ಞ ಗಿಲ್ಬರ್ಟ್ ವೈಟ್ (1720–1793) ತನ್ನ ಬದುಕಿನ ಬಹುಭಾಗವನ್ನು ಕಳೆದ 'ದಿ ವೇಕ್ಸ್' ಎಂಬ ಮನೆಯೇ ಈ ಸಂಗ್ರಹಾಲಯ. ಮನೆಯ ಹಿಂದೆ ಆತನೇ ರೂಪಿಸಿದ ಉದ್ಯಾನವೂ ಅದಕ್ಕೆ ಹೊಂದಿಕೊಂಡ ಹುಲ್ಲುಗಾವಲೂ ಇದ್ದು, ಇವೆಲ್ಲದರ ವಿಸ್ತೀರ್ಣ 20 ಎಕರೆಗೂ ಹೆಚ್ಚು. ವೈಟ್ 1789ರಲ್ಲಿ ಪ್ರಕಟಿಸಿದ 'ದಿ ನ್ಯಾಚುರಲ್ ಹಿಸ್ಟರಿ ಅಂಡ್ ಆಂಟಿಕ್ವಿಟೀಸ್ ಆಫ್ ಸೆಲ್ಬೋರ್ನ್' ಎಂಬ ಗ್ರಂಥವು ಒಂದೇ ಊರಿನ ಪ್ರಾಣಿ, ಪಕ್ಷಿ, ಸಸ್ಯ ಮತ್ತು ಹವಾಮಾನಗಳನ್ನು ವರ್ಷಗಟ್ಟಲೆ ಗಮನಿಸಿ ಬರೆದ ಕೃತಿಯಾಗಿ ಹೆಸರಾಗಿದೆ. ಆ ಗ್ರಂಥ ಹುಟ್ಟಿದ ಮನೆ, ತೋಟ, ಗುಡ್ಡ ಮತ್ತು ಇಗರ್ಜಿಗಳನ್ನು ಒಂದೇ ದಿನದ ನಡಿಗೆಯಲ್ಲಿ ನೋಡಬಹುದಾಗಿರುವುದು ಈ ಸ್ಥಳದ ವಿಶೇಷ.

ಸ್ಥಳ ಮತ್ತು ಪರಿಸರ

ಸೆಲ್ಬೋರ್ನ್ ಗ್ರಾಮವು ಆಲ್ಟನ್ ಪಟ್ಟಣದಿಂದ ದಕ್ಷಿಣಕ್ಕೆ ಸುಮಾರು 6 ಕಿ.ಮೀ. ಮತ್ತು ಲಂಡನ್ ನಗರದಿಂದ ನೈಋತ್ಯಕ್ಕೆ ಸುಮಾರು 80 ಕಿ.ಮೀ. ದೂರದಲ್ಲಿದೆ. ಇದು ಸೌತ್ ಡೌನ್ಸ್ ರಾಷ್ಟ್ರೀಯ ಉದ್ಯಾನದ ವ್ಯಾಪ್ತಿಗೆ ಸೇರುತ್ತದೆ. ಊರಿನ ಪಕ್ಕದಲ್ಲಿಯೇ ಸುಣ್ಣಕಲ್ಲಿನ ಕಡಿದಾದ ಗುಡ್ಡವೊಂದಿದ್ದು, ಅದರ ಇಳಿಜಾರನ್ನು ಬೀಚ್ ಮರಗಳ ಕಾಡು ಆವರಿಸಿದೆ. ಈ ಇಳಿಜಾರು ಕಾಡನ್ನು ಸ್ಥಳೀಯವಾಗಿ 'ಹ್ಯಾಂಗರ್' ಎನ್ನುತ್ತಾರೆ. ಗ್ರಾಮದಿಂದ ಸುಮಾರು 90 ಮೀಟರ್ ಎತ್ತರಕ್ಕೆ ಏಳುವ ಈ ಗುಡ್ಡವು ವೇಕ್ಸ್ ಮನೆಯ ಹಿತ್ತಿಲಿನಿಂದ ನೇರವಾಗಿ ಕಾಣುತ್ತದೆ. ಉದ್ಯಾನದ ನೋಟವೆಲ್ಲ ಈ ಗುಡ್ಡವನ್ನೇ ಹಿನ್ನೆಲೆಯಾಗಿ ಇರಿಸಿಕೊಂಡು ರೂಪುಗೊಂಡಿದೆ.

ಗಿಲ್ಬರ್ಟ್ ವೈಟ್

ವೈಟ್ 1720ರ ಜುಲೈ 18ರಂದು ಸೆಲ್ಬೋರ್ನ್ ಗ್ರಾಮದ ಪಾದ್ರಿಯ ನಿವಾಸದಲ್ಲಿ ಜನಿಸಿದನು. ಆಗ ಊರಿನ ಪ್ರಧಾನ ಪಾದ್ರಿಯಾಗಿದ್ದ ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡಲಾಯಿತು. ಆಕ್ಸ್‌ಫರ್ಡಿನ ಓರಿಯಲ್ ಕಾಲೇಜಿನಲ್ಲಿ ಓದಿ ಅಲ್ಲಿಯೇ ಫೆಲೋ ಆದ ವೈಟ್, ನಂತರ ಪಾದ್ರಿಯ ದೀಕ್ಷೆ ಪಡೆದನು. ಸೆಲ್ಬೋರ್ನಿನ ಪ್ರಧಾನ ಪಾದ್ರಿಯನ್ನು ನೇಮಿಸುವ ಹಕ್ಕು ಆಕ್ಸ್‌ಫರ್ಡಿನ ಮತ್ತೊಂದು ಕಾಲೇಜಾದ ಮ್ಯಾಗ್ಡಲೆನ್‌ಗೆ ಸೇರಿತ್ತು. ಓರಿಯಲ್ ಕಾಲೇಜಿನವನಾದ ವೈಟ್‌ಗೆ ಆ ಹುದ್ದೆ ದೊರೆಯುವಂತಿರಲಿಲ್ಲ. ಆದ್ದರಿಂದ ಆತ ತನ್ನ ಊರಿನಲ್ಲಿ ಬೇರೆ ಬೇರೆ ಕಾಲದಲ್ಲಿ ನಾಲ್ಕು ಬಾರಿ ಸಹಾಯಕ ಪಾದ್ರಿಯಾಗಿಯಷ್ಟೇ ಸೇವೆ ಸಲ್ಲಿಸಿದನು. ಬೇರೆಡೆ ಹೆಚ್ಚಿನ ಸ್ಥಾನಮಾನವನ್ನು ಅರಸಿ ಹೋಗದೆ ಸೆಲ್ಬೋರ್ನಿನಲ್ಲಿಯೇ ಉಳಿದುದು ಆತನ ಅಧ್ಯಯನಕ್ಕೆ ನೆಲೆಯಾಯಿತು. ಅವಿವಾಹಿತನಾಗಿಯೇ ಉಳಿದ ವೈಟ್ 1793ರ ಜೂನ್ 26ರಂದು ವೇಕ್ಸ್ ಮನೆಯಲ್ಲಿ ನಿಧನನಾದನು.

ವೈಟ್ 1751ರಲ್ಲಿ ತೋಟದ ದಿನಚರಿಯೊಂದನ್ನು ಬರೆಯತೊಡಗಿದನು. ಯಾವ ಬೀಜವನ್ನು ಯಾವ ದಿನ ಬಿತ್ತಲಾಯಿತು, ಎಷ್ಟು ಗೊಬ್ಬರ ತರಿಸಲಾಯಿತು, ಯಾವ ಗಿಡ ಹಿಮಕ್ಕೆ ಸತ್ತಿತು ಎಂಬಂಥ ವಿವರಗಳು ಅದರಲ್ಲಿವೆ. 1768ರಿಂದ ಮುದ್ರಿತ ಅಂಕಣಗಳಿದ್ದ 'ನಿಸರ್ಗತಜ್ಞನ ದಿನಚರಿ'ಯಲ್ಲಿ ಉಷ್ಣಾಂಶ, ಗಾಳಿ, ಮಳೆ, ಹೂ ಬಿಟ್ಟ ಗಿಡಗಳು ಮತ್ತು ಕಾಣಿಸಿಕೊಂಡ ಹಕ್ಕಿಗಳನ್ನು ದಾಖಲಿಸುತ್ತ ಹೋದನು. ಸಾಯುವ ವರ್ಷದವರೆಗೂ ಈ ಬರವಣಿಗೆ ಮುಂದುವರಿಯಿತು.

ಗ್ರಂಥ ಮತ್ತು ಅದರ ಮಹತ್ವ

ವೈಟ್‌ನ ಗ್ರಂಥದ ನಿಸರ್ಗ ಚರಿತ್ರೆಯ ಭಾಗವು ಪತ್ರಗಳ ರೂಪದಲ್ಲಿದೆ. ಪ್ರಾಣಿಶಾಸ್ತ್ರಜ್ಞ ಥಾಮಸ್ ಪೆನಂಟ್‌ಗೆ ಬರೆದ 44 ಹಾಗೂ ನ್ಯಾಯವಾದಿಯೂ ನಿಸರ್ಗಾಸಕ್ತನೂ ಆಗಿದ್ದ ಡೇನ್ಸ್ ಬ್ಯಾರಿಂಗ್ಟನ್‌ಗೆ ಬರೆದ 66 ಪತ್ರಗಳು ಇದರಲ್ಲಿವೆ. ಇವುಗಳಲ್ಲಿ ಕೆಲವು ಅಂಚೆಯಲ್ಲಿ ಹೋದವಲ್ಲ, ಪುಸ್ತಕಕ್ಕಾಗಿಯೇ ಬರೆದವು. ಲಂಡನ್ನಿನಲ್ಲಿ ಪ್ರಕಾಶಕನಾಗಿದ್ದ ತಮ್ಮ ಬೆಂಜಮಿನ್ ಇದನ್ನು ಪ್ರಕಟಿಸಿದನು. ಅಂದಿನಿಂದ ಈ ಗ್ರಂಥವು 200ಕ್ಕೂ ಹೆಚ್ಚು ಆವೃತ್ತಿಗಳನ್ನು ಕಂಡಿದೆ.

ಆ ಕಾಲದ ನಿಸರ್ಗ ವಿದ್ವಾಂಸರಲ್ಲಿ ಹಲವರು ಸತ್ತ ಮಾದರಿಗಳನ್ನು ಅಳೆದು ಹೆಸರಿಡುವುದರಲ್ಲಿ ತೊಡಗಿದ್ದರು. ವೈಟ್ ಕೂಡ ಅಂದಿನ ರೂಢಿಯಂತೆ ಹಕ್ಕಿಗಳನ್ನು ಗುಂಡಿಕ್ಕಿ ಪರೀಕ್ಷಿಸಿದ್ದುಂಟು. ಆದರೆ ಆತನ ಮುಖ್ಯ ಆಸಕ್ತಿಯಿದ್ದುದು ಜೀವಂತ ಪ್ರಾಣಿಯ ನಡವಳಿಕೆಯಲ್ಲಿ. ನೋಟಕ್ಕೆ ಒಂದೇ ತೆರನಾಗಿ ಕಾಣುವ ಚಿಫ್‌ಚಾಫ್, ವಿಲ್ಲೋ ವಾರ್ಬ್ಲರ್ ಮತ್ತು ವುಡ್ ವಾರ್ಬ್ಲರ್ ಎಂಬ ಉಲಿಯಕ್ಕಿಗಳು ಮೂರು ಬೇರೆ ಬೇರೆ ಪ್ರಭೇದಗಳೆಂದು ಆತ ಅವುಗಳ ಹಾಡಿನಿಂದ ಗುರುತಿಸಿದನು. ಗೋಧಿಯ ತೆನೆಗಳ ನಡುವೆ ಗೂಡು ಕಟ್ಟುವ 'ಹಾರ್ವೆಸ್ಟ್ ಮೌಸ್' ಎಂಬ ಪುಟ್ಟ ಇಲಿಯನ್ನು ಬ್ರಿಟನ್ನಿನಲ್ಲಿ ಮೊದಲು ವಿವರಿಸಿದವನೂ ಆತನೇ. ಎರೆಹುಳುಗಳು ಮಣ್ಣನ್ನು ಸಡಿಲಗೊಳಿಸಿ ನೀರಿಳಿಯುವಂತೆ ಮಾಡುತ್ತವೆ, ಅವು ಇಲ್ಲದಿದ್ದರೆ ನೆಲ ಬಂಜರಾಗುತ್ತದೆ ಎಂದು ಆತ 1777ರ ಪತ್ರವೊಂದರಲ್ಲಿ ಬರೆದನು. ಆಗ ಅನೇಕ ತೋಟಗಾರರು ಎರೆಹುಳುವನ್ನು ಪೀಡೆಯೆಂದೇ ಎಣಿಸುತ್ತಿದ್ದರು. ಬಾಲ್ಯದಲ್ಲಿಯೇ ವೈಟ್‌ನ ಗ್ರಂಥವನ್ನು ಓದಿ ಪಕ್ಷಿವೀಕ್ಷಣೆಗೆ ತೊಡಗಿದ ಚಾರ್ಲ್ಸ್ ಡಾರ್ವಿನ್ 1881ರಲ್ಲಿ ಎರೆಹುಳುಗಳ ಬಗ್ಗೆಯೇ ಒಂದು ಪೂರ್ಣ ಗ್ರಂಥವನ್ನು ಪ್ರಕಟಿಸಿದನು.

ಆತನ ತಪ್ಪುಗಳೂ ಅಧ್ಯಯನಯೋಗ್ಯವಾಗಿವೆ. ಚಳಿಗಾಲದಲ್ಲಿ ಸ್ವಾಲೋ ಮತ್ತು ಮಾರ್ಟಿನ್ ಹಕ್ಕಿಗಳು ಎಲ್ಲಿಗೆ ಹೋಗುತ್ತವೆ ಎಂಬುದು ಅಂದು ಬಗೆಹರಿಯದ ಪ್ರಶ್ನೆಯಾಗಿತ್ತು. ಜಿಬ್ರಾಲ್ಟರಿನಲ್ಲಿದ್ದ ತಮ್ಮ ಜಾನ್ ಹಕ್ಕಿಗಳು ಸಮುದ್ರ ದಾಟುವುದನ್ನು ಕಂಡು ತಿಳಿಸಿದ್ದನು. ವಲಸೆಯನ್ನು ಒಪ್ಪಿಕೊಂಡರೂ, ಕೆಲವು ಹಕ್ಕಿಗಳಾದರೂ ಊರಿನ ಸುತ್ತಲೇ ಅಡಗಿ ಚಳಿನಿದ್ರೆ ಮಾಡುತ್ತಿರಬಹುದೆಂಬ ಊಹೆಯನ್ನು ವೈಟ್ ಕೊನೆಯವರೆಗೂ ಪೂರ್ತಿ ಕೈಬಿಡಲಿಲ್ಲ. ಅದನ್ನು ಪರೀಕ್ಷಿಸಲು ಆಳುಗಳಿಂದ ಪೊದೆಗಳನ್ನೂ ಬಿಲಗಳನ್ನೂ ಹುಡುಕಿಸಿದನು. ಹಕ್ಕಿಗಳು ಸಿಗಲಿಲ್ಲ ಎಂಬುದನ್ನೂ ಹಾಗೆಯೇ ಬರೆದಿಟ್ಟನು.

ಮನೆಯ ಇತಿಹಾಸ

ವೇಕ್ಸ್ ಎಂಬುದು ಹಿಂದೆ ಇಲ್ಲಿ ವಾಸವಾಗಿದ್ದ ಕುಟುಂಬದ ಹೆಸರಿನಿಂದ ಬಂದಿದೆ. ವೈಟ್‌ನ ಬಾಲ್ಯದಲ್ಲಿ ಆತನ ಕುಟುಂಬ ಈ ಮನೆಗೆ ಬಂದಿತು. ಮನೆ ಒಂದೇ ಬಾರಿಗೆ ಕಟ್ಟಿದ್ದಲ್ಲ. ಹಳೆಯ ಚಿಕ್ಕ ಮನೆಗೆ ಕಾಲಕಾಲಕ್ಕೆ ಕೋಣೆಗಳು ಸೇರುತ್ತ ಹೋಗಿವೆ. ಉದ್ಯಾನದ ಕಡೆಗೆ ಮುಖ ಮಾಡಿರುವ ದೊಡ್ಡ ಪಡಸಾಲೆಯನ್ನು ವೈಟ್ 1777ರಲ್ಲಿ ಕಟ್ಟಿಸಿದನು.

ವೈಟ್‌ನ ಕಾಲಾನಂತರ ಮನೆಯು ಕೆಲವು ದಶಕಗಳ ಕಾಲ ಬಂಧುಗಳ ವಶದಲ್ಲಿತ್ತು. 1840ರ ದಶಕದಲ್ಲಿ ಇದನ್ನು ಕೊಂಡ ಪ್ರಾಣಿಶಾಸ್ತ್ರಜ್ಞ ಥಾಮಸ್ ಬೆಲ್ ತನ್ನ ಕೊನೆಯ ವರ್ಷಗಳನ್ನು ಇಲ್ಲಿ ಕಳೆದು 1880ರಲ್ಲಿ ನಿಧನನಾದನು. 1858ರಲ್ಲಿ ಡಾರ್ವಿನ್ ಮತ್ತು ವ್ಯಾಲೇಸ್ ಅವರ ವಿಕಾಸವಾದದ ಪ್ರಬಂಧಗಳನ್ನು ಲಿನಿಯನ್ ಸೊಸೈಟಿಯಲ್ಲಿ ಓದಿದಾಗ ಅದರ ಅಧ್ಯಕ್ಷನಾಗಿದ್ದವನು ಬೆಲ್. ಆತ ವೈಟ್‌ಗೆ ಸಂಬಂಧಿಸಿದ ಸಾಮಗ್ರಿಯನ್ನು ಸಂಗ್ರಹಿಸಿ, 1877ರಲ್ಲಿ ಗ್ರಂಥದ ವಿಸ್ತೃತ ಆವೃತ್ತಿಯನ್ನು ಹೊರತಂದನು.

1950ರ ದಶಕದ ಆರಂಭದಲ್ಲಿ ಮನೆ ಮಾರಾಟಕ್ಕೆ ಬಂದಾಗ ಅದನ್ನು ಸ್ಮಾರಕವಾಗಿ ಉಳಿಸಿಕೊಳ್ಳಲು ಸಾರ್ವಜನಿಕರಿಂದ ವಂತಿಗೆ ಕೋರಲಾಯಿತು. ಸಂಗ್ರಹವಾದ ಹಣ ಸಾಲದೆ ಹೋದಾಗ ರಾಬರ್ಟ್ ವಾಷಿಂಗ್ಟನ್ ಓಟ್ಸ್ ಎಂಬಾತ ನೆರವಿಗೆ ಬಂದನು. ತನ್ನ ಕುಟುಂಬದ ಇಬ್ಬರು ಅನ್ವೇಷಕರ ವಸ್ತುಗಳಿಗೂ ಇಲ್ಲಿ ಸ್ಥಳ ದೊರೆಯುವಂತೆ ಆತ ಏರ್ಪಾಡು ಮಾಡಿದನು. 1955ರಲ್ಲಿ ಮನೆ ಸಾರ್ವಜನಿಕರಿಗೆ ತೆರೆಯಿತು.

ಸಂಗ್ರಹ

ವೈಟ್‌ಗೆ ಸಂಬಂಧಿಸಿದ ಕೋಣೆಗಳನ್ನು 18ನೆಯ ಶತಮಾನದ ಗ್ರಾಮೀಣ ಪಾದ್ರಿಯ ಮನೆಯಂತೆ ಸಜ್ಜುಗೊಳಿಸಲಾಗಿದೆ. ಓದುವ ಕೋಣೆ, ಪಡಸಾಲೆ, ಅಡುಗೆಮನೆ ಮತ್ತು ಮಲಗುವ ಕೋಣೆಗಳನ್ನು ನೋಡಬಹುದು. ಮಂಚದ ಸುತ್ತ ಇಳಿಬಿಟ್ಟಿರುವ ಕಸೂತಿಯ ಪರದೆಗಳನ್ನು ವೈಟ್‌ನ ಅತ್ತೆಯಂದಿರು ಆತನಿಗಾಗಿ ಹೆಣೆದುಕೊಟ್ಟಿದ್ದರು. ಗ್ರಂಥದ ಮೂಲ ಹಸ್ತಪ್ರತಿಯು ಸಂಗ್ರಹಾಲಯದ ಅತ್ಯಂತ ಅಮೂಲ್ಯ ವಸ್ತು. ದಿನಚರಿಗಳ ಹಸ್ತಪ್ರತಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ.

ಓಟ್ಸ್ ವಿಭಾಗವು ಇಬ್ಬರ ಬದುಕನ್ನು ಪರಿಚಯಿಸುತ್ತದೆ. ಫ್ರಾಂಕ್ ಓಟ್ಸ್ (1840–1875) ಮಧ್ಯ ಅಮೆರಿಕ ಮತ್ತು ಆಫ್ರಿಕಗಳಲ್ಲಿ ಸಂಚರಿಸಿದ ನಿಸರ್ಗತಜ್ಞ. ವಿಕ್ಟೋರಿಯ ಜಲಪಾತವನ್ನು ಕಂಡು ಹಿಂದಿರುಗುವಾಗ ಜ್ವರದಿಂದ ಮರಣ ಹೊಂದಿದನು. ಲಾರೆನ್ಸ್ ಓಟ್ಸ್ (1880–1912) ದಕ್ಷಿಣ ಆಫ್ರಿಕ, ಈಜಿಪ್ಟ್ ಮತ್ತು ಭಾರತಗಳಲ್ಲಿ ಸೇವೆ ಸಲ್ಲಿಸಿದ ಸೇನಾಧಿಕಾರಿ. ರಾಬರ್ಟ್ ಸ್ಕಾಟ್‌ನ ದಕ್ಷಿಣ ಧ್ರುವ ಯಾತ್ರೆಯಲ್ಲಿ ಕುದುರೆಗಳ ಹೊಣೆ ಹೊತ್ತಿದ್ದನು. ಧ್ರುವ ತಲುಪಿ ಹಿಂದಿರುಗುವಾಗ ಹಿಮದಿಂದ ಕಾಲುಗಳು ಕೊಳೆತು ನಡೆಯಲಾಗದ ಸ್ಥಿತಿ ಬಂದಿತು. ತನ್ನಿಂದಾಗಿ ಸಂಗಡಿಗರ ಪಯಣ ನಿಧಾನವಾಗಬಾರದೆಂದು 1912ರ ಮಾರ್ಚ್ ತಿಂಗಳಲ್ಲಿ ಗುಡಾರ ಬಿಟ್ಟು ಹಿಮಗಾಳಿಯೊಳಗೆ ನಡೆದುಹೋದನು. ಆತನ ದೇಹ ದೊರೆಯಲೇ ಇಲ್ಲ. ಊರು ಬಿಟ್ಟು ಕದಲದ ವೈಟ್ ಮತ್ತು ಭೂಮಿಯ ಅಂಚಿಗೆ ಹೋದ ಓಟ್ಸ್ ಒಂದೇ ಸೂರಿನಡಿ ಇರುವುದು ಸಂದರ್ಶಕರ ಗಮನ ಸೆಳೆಯುತ್ತದೆ.

ಉದ್ಯಾನ

ಉದ್ಯಾನವನ್ನು ವೈಟ್‌ನ ದಿನಚರಿಗಳ ಆಧಾರದಿಂದ ಬಹುಮಟ್ಟಿಗೆ ಆತನ ಕಾಲದ ರೂಪಕ್ಕೆ ತರಲಾಗಿದೆ. ಅಂದಿನ ಶ್ರೀಮಂತರ ವಿಶಾಲ ಉದ್ಯಾನಗಳ ಮಾದರಿಯನ್ನು ಅಲ್ಪ ಖರ್ಚಿನಲ್ಲಿ ತನ್ನ ಹಿತ್ತಿಲಿಗೆ ಅಳವಡಿಸಿದ್ದು ವೈಟ್‌ನ ಜಾಣ್ಮೆ. ಉದ್ಯಾನದ ಮುಖ್ಯ ಭಾಗಗಳು ಹೀಗಿವೆ:

ಹಾ-ಹಾ: ಉದ್ಯಾನಕ್ಕೂ ಹುಲ್ಲುಗಾವಲಿಗೂ ನಡುವೆ ಕಂದಕ ತೋಡಿ ಅದರೊಳಗೆ ಕಟ್ಟಿದ ತಗ್ಗುಗೋಡೆ. ಜಾನುವಾರುಗಳು ತೋಟಕ್ಕೆ ನುಗ್ಗದಂತೆ ಇದು ತಡೆಯುತ್ತದೆ. ಮನೆಯ ಕಡೆಯಿಂದ ನೋಡುವವರಿಗೆ ಗೋಡೆ ಕಾಣದೆ, ತೋಟವು ಗುಡ್ಡದವರೆಗೂ ಹಬ್ಬಿದಂತೆ ತೋರುತ್ತದೆ. ಇದನ್ನು 1761ರಲ್ಲಿ ಕಟ್ಟಲಾಯಿತು.

ಹರ್ಕ್ಯುಲಿಸ್ ವಿಗ್ರಹ: ದೂರದಿಂದ ಕಲ್ಲಿನ ಪ್ರತಿಮೆಯಂತೆ ಕಾಣುವ ಇದು ನಿಜವಾಗಿ ಹಲಗೆಯ ಮೇಲೆ ಬರೆದ ಚಿತ್ರ. ಕಲ್ಲಿನ ವಿಗ್ರಹಕ್ಕೆ ಹಣ ಹೊಂದಿಸಲಾಗದ ವೈಟ್ ಕಂಡುಕೊಂಡ ಉಪಾಯವಿದು.

ಪೀಪಾಯಿ ಆಸನ: ದೊಡ್ಡ ದ್ರಾಕ್ಷಾರಸದ ಪೀಪಾಯಿಯ ಒಳಗೆ ಕುಳಿತುಕೊಳ್ಳುವ ಏರ್ಪಾಡು. ತಿರುಗುವಂತೆ ನಿಲ್ಲಿಸಿರುವುದರಿಂದ ಗಾಳಿಗೆ ಬೆನ್ನು ಮಾಡಿ ಕುಳಿತು ಸುತ್ತಲ ನೋಟವನ್ನು ಸವಿಯಬಹುದು.

ಕರಬೂಜದ ಪಾತಿಗಳು: ಇಂಗ್ಲೆಂಡಿನ ಚಳಿಯಲ್ಲಿ ಕರಬೂಜ ಬೆಳೆಯಲು ವೈಟ್ ಗಾಡಿಗಟ್ಟಲೆ ಕುದುರೆಲದ್ದಿಯನ್ನು ರಾಶಿ ಹಾಕಿಸುತ್ತಿದ್ದನು. ಲದ್ದಿ ಕೊಳೆಯುವಾಗ ಹುಟ್ಟುವ ಕಾವಿನಿಂದ ಬಳ್ಳಿಗಳು ಬೆಳೆಯುತ್ತಿದ್ದವು.

ತಿಮೋತಿ ಎಂಬ ಆಮೆಯೂ ಇದೇ ತೋಟದಲ್ಲಿತ್ತು. ಸಸೆಕ್ಸಿನಲ್ಲಿದ್ದ ಅತ್ತೆಯ ಮರಣಾನಂತರ 1780ರಲ್ಲಿ ವೈಟ್ ಅದನ್ನು ಗಾಡಿಯಲ್ಲಿ ತಂದನು. ಅದು ಎಂದು ಮಣ್ಣು ತೋಡಿ ಅಡಗಿತು, ಎಂದು ಹೊರಬಂದಿತು, ಮಳೆಗೆ ಹೇಗೆ ಹೆದರಿತು ಎಂಬುದನ್ನೆಲ್ಲ ಬರೆದನು. ಒಡೆಯನ ನಂತರ ಸುಮಾರು ಒಂದು ವರ್ಷ ಬದುಕಿದ್ದ ತಿಮೋತಿ ಹೆಣ್ಣಾಮೆ ಎಂಬುದು ಅದರ ಚಿಪ್ಪಿನ ಪರೀಕ್ಷೆಯಿಂದ ಮುಂದೆ ತಿಳಿಯಿತು. ಆ ಚಿಪ್ಪು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿದೆ.

ಸುತ್ತಮುತ್ತಲ ಸ್ಥಳಗಳು

ಅಂಕುಡೊಂಕು ದಾರಿ: ಹ್ಯಾಂಗರ್ ಗುಡ್ಡದ ನೆತ್ತಿಗೆ ಏರಲು ವೈಟ್ ಮತ್ತು ತಮ್ಮ ಜಾನ್ 1750ರ ದಶಕದ ಆರಂಭದಲ್ಲಿ 'ಝಿಗ್‌ಝ್ಯಾಗ್' ಎಂಬ ಹಾದಿಯನ್ನು ಕಡಿಸಿದರು. ಇಂದಿಗೂ ಅದೇ ಹಾದಿಯಲ್ಲಿ ಜನ ಏರುತ್ತಾರೆ. ಮಳೆಯಾದಾಗ ಸುಣ್ಣಕಲ್ಲಿನ ನೆಲ ಜಾರುವುದರಿಂದ ಎಚ್ಚರ ಅಗತ್ಯ. ಗುಡ್ಡವು ಈಗ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ರಕ್ಷಣೆಯಲ್ಲಿದೆ.

ಸೇಂಟ್ ಮೇರಿ ಇಗರ್ಜಿ: ವೈಟ್‌ನ ಸಮಾಧಿ ಇಲ್ಲಿಯ ಅಂಗಳದಲ್ಲಿದೆ. ಚಿಕ್ಕ ಕಲ್ಲಿನ ಮೇಲೆ ಹೆಸರಿನ ಮೊದಲಕ್ಷರಗಳು ಮತ್ತು ಮರಣದ ದಿನಾಂಕ ಮಾತ್ರ ಇವೆ. ಇಗರ್ಜಿಯ ಒಳಗೆ ಸಂತ ಫ್ರಾನ್ಸಿಸ್ ಹಕ್ಕಿಗಳ ನಡುವೆ ನಿಂತಿರುವ ಬಣ್ಣದ ಗಾಜಿನ ಕಿಟಕಿಯನ್ನು ವೈಟ್‌ನ ನೆನಪಿಗಾಗಿ ಅಳವಡಿಸಲಾಗಿದೆ. ಅಂಗಳದಲ್ಲಿದ್ದ ಪ್ರಾಚೀನ ಯೂ ಮರದ ಸುತ್ತಳತೆಯನ್ನು ವೈಟ್ ಸುಮಾರು 7 ಮೀಟರ್ ಎಂದು ದಾಖಲಿಸಿದ್ದನು. 1990ರ ಜನವರಿಯ ಬಿರುಗಾಳಿಗೆ ಆ ಮರ ಉರುಳಿತು. ಅದನ್ನು ಮತ್ತೆ ನೆಟ್ಟು ಉಳಿಸುವ ಯತ್ನ ಫಲಿಸಲಿಲ್ಲ.

ಇಂದಿನ ಪ್ರಸ್ತುತತೆ

ವೈಟ್‌ನ ದಾಖಲೆಗಳು ಇಂದು ಹೋಲಿಕೆಯ ಅಳತೆಗೋಲಾಗಿವೆ. ಹೂ ಬಿಡುವ, ಹಕ್ಕಿ ಬರುವ ದಿನಗಳನ್ನು ವರ್ಷವರ್ಷವೂ ಗುರುತಿಸುವ ಋತುವಿಜ್ಞಾನಕ್ಕೆ ಆತನ ದಿನಚರಿಗಳು ಆರಂಭದ ಆಕರಗಳಲ್ಲಿ ಸೇರುತ್ತವೆ. ಐಸ್‌ಲ್ಯಾಂಡಿನ ಲಾಕಿ ಜ್ವಾಲಾಮುಖಿ ಸಿಡಿದ 1783ರ ಬೇಸಿಗೆಯಲ್ಲಿ ಸೂರ್ಯನನ್ನು ಮಂಕಾಗಿಸಿದ ವಿಚಿತ್ರ ಮಬ್ಬನ್ನು, ಅದರ ಕಾರಣ ತಿಳಿಯದೆಯೇ, ಆತ ವಿವರಿಸಿದ್ದಾನೆ. ಸಮೀಪದ ವುಲ್ಮರ್ ಅರಣ್ಯದಲ್ಲಿ ಒಂದು ಕಾಲಕ್ಕೆ ಹೇರಳವಾಗಿದ್ದ ಕಪ್ಪು ಗ್ರೌಸ್ ಹಕ್ಕಿಗಳು ಬೇಟೆಯಿಂದ ಇಲ್ಲವಾದುದನ್ನು ವಿಷಾದದಿಂದ ಬರೆದಿದ್ದಾನೆ.

ಸೆಲ್ಬೋರ್ನಿನಲ್ಲಿ ವರ್ಷವೂ ಎಂಟು ಜೋಡಿ ಸ್ವಿಫ್ಟ್ ಹಕ್ಕಿಗಳು ಗೂಡು ಕಟ್ಟುತ್ತವೆಂದು ವೈಟ್ ಎಣಿಸಿದ್ದನು. ಆತ ಅಷ್ಟೊಂದು ಅಕ್ಕರೆಯಿಂದ ಗಮನಿಸಿದ ಸ್ವಿಫ್ಟ್ ಮತ್ತು ಹೌಸ್ ಮಾರ್ಟಿನ್‌ಗಳು ಬ್ರಿಟನ್ನಿನಲ್ಲಿ ತೀವ್ರವಾಗಿ ಕಡಿಮೆಯಾಗಿ, 2021ರಲ್ಲಿ ಅಲ್ಲಿನ ಸಂರಕ್ಷಣಾ ಕಾಳಜಿಯ ಕೆಂಪು ಪಟ್ಟಿಗೆ ಸೇರಿದವು. ಎಂಟೇ ಜೋಡಿಯೆಂದು ಒಬ್ಬ ಪಾದ್ರಿ ಬರೆದಿಟ್ಟಿದ್ದರಿಂದಲೇ ಆ ಊರಿನ ಇಂದಿನ ಎಣಿಕೆಯನ್ನು ಎರಡು ಶತಮಾನಗಳ ಹಿಂದಿನದರೊಡನೆ ಹೋಲಿಸಲು ಸಾಧ್ಯವಾಗಿದೆ.

ಸಂದರ್ಶಕರಿಗೆ

ಸಮೀಪದ ರೈಲು ನಿಲ್ದಾಣ ಆಲ್ಟನ್. ಲಂಡನ್ನಿನ ವಾಟರ್‌ಲೂ ನಿಲ್ದಾಣದಿಂದ ಇಲ್ಲಿಗೆ ರೈಲುಗಳಿವೆ. ಅಲ್ಲಿಂದ ಸೆಲ್ಬೋರ್ನಿಗೆ ರಸ್ತೆಯ ಮೂಲಕ ಹೋಗಬೇಕು. ಸಂಗ್ರಹಾಲಯಕ್ಕೆ ಪ್ರವೇಶ ಶುಲ್ಕವಿದೆ. ತೆರೆದಿರುವ ದಿನಗಳು ಋತುವಿಗೆ ತಕ್ಕಂತೆ ಬದಲಾಗುವುದರಿಂದ ಮುಂಚಿತವಾಗಿ ವಿಚಾರಿಸಿಕೊಳ್ಳುವುದು ಒಳಿತು. ಸ್ವಿಫ್ಟ್‌ಗಳು ಮೇ ತಿಂಗಳ ಆರಂಭದಲ್ಲಿ ಬಂದು ಆಗಸ್ಟ್ ಹೊತ್ತಿಗೆ ಹೊರಟುಹೋಗುತ್ತವೆ. ಉದ್ಯಾನದ ಹೂಗಳ ಜೊತೆಗೆ ಅವುಗಳನ್ನೂ ಕಾಣಬಯಸುವವರಿಗೆ ಮೇ, ಜೂನ್ ಮತ್ತು ಜುಲೈ ತಿಂಗಳುಗಳು ಸೂಕ್ತ. ಬೀಚ್ ಎಲೆಗಳು ಹೊಂಬಣ್ಣಕ್ಕೆ ತಿರುಗುವುದನ್ನು ನೋಡಲು ಅಕ್ಟೋಬರ್ ಕೊನೆಯ ದಿನಗಳು ಒಳ್ಳೆಯವು.